ಗಂಟೆ ಹೊಡೆಯದ ಎರಡೂವರೆ ತಾಸು

ಮಾಂಟೆಸರಿ ಅಂದರೆ ಬೆಂಗಳೂರಿನ ಬಡಾವಣೆಗಳ ದುಬಾರಿ ಫೀಜಿನ ಶಾಲೆ ಎಂಬ ಎಣಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಆದರೆ ಮರಿಯಾ ಮಾಂಟೆಸರಿ ತಮ್ಮ ಮೊದಲ ‘ಮಕ್ಕಳ ಮನೆ’ಯನ್ನು 1907ರ ಜನವರಿಯಲ್ಲಿ ತೆರೆದದ್ದು ರೋಮಿನ ಸ್ಯಾನ್ ಲೊರೆಂಜೊ ಎಂಬ ಕೂಲಿಕಾರರ ಕೇರಿಯಲ್ಲಿ. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಮೆಟ್ಟಿಲು ಗೋಡೆ ಕೆಡಿಸುತ್ತಿದ್ದ ಮಕ್ಕಳನ್ನು ಒಂದೆಡೆ ಇರಿಸಲೆಂದು ಕಟ್ಟಡದ ಒಡೆಯರು ಬಿಟ್ಟುಕೊಟ್ಟ ಕೋಣೆ ಅದು. ಹಾಗಾಗಿ ನಮ್ಮ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇದನ್ನು ನಡೆಸಲು ಹೊರಟಾಗ, ಇದು ನಮಗಲ್ಲದ್ದು ಎಂಬ ಅಳುಕು ನನಗಿರಲಿಲ್ಲ. ಎಲ್‌ಕೆಜಿಯಿಂದ ಐದನೇ ತರಗತಿಯವರೆಗಿನ ಮಕ್ಕಳ ಜೊತೆ ಕೆಲಸ ಮಾಡುತ್ತ ತಿಳಿದದ್ದನ್ನು, ಇದೇ ದಾರಿ ಹಿಡಿಯಬೇಕೆಂದಿರುವ ಮೇಷ್ಟ್ರು, ಟೀಚರುಗಳಿಗಾಗಿ ಬರೆದಿಟ್ಟಿದ್ದೇನೆ.

1. ಮೊದಲು ವೇಳಾಪಟ್ಟಿ, ಆಮೇಲೆ ಸಾಮಾನು

ಬಂದವರೆಲ್ಲ ಕೇಳುವುದು ಸಾಮಾನಿಗೆ ಎಷ್ಟು ಖರ್ಚಾಯಿತು ಎಂದು. ಕೇಳಬೇಕಾದ್ದು ಬೇರೆ: ಬೆಳಿಗ್ಗೆ ಎಷ್ಟು ಹೊತ್ತು ಯಾರೂ ಬಾಗಿಲು ತಟ್ಟದೆ ಇರುತ್ತಾರೆ?

ಮಾಂಟೆಸರಿ ತರಗತಿ ನಿಂತಿರುವುದು ಸುಮಾರು ಮೂರು ತಾಸಿನ ಎಡೆಬಿಡದ ಕೆಲಸದ ಮೇಲೆ. ಮಗು ಬಂದ ಕೂಡಲೇ ಕಷ್ಟದ ಕೆಲಸಕ್ಕೆ ಕೈ ಹಾಕುವುದಿಲ್ಲ. ಗೊತ್ತಿರುವ ಸುಲಭದ್ದೊಂದನ್ನು ಎತ್ತಿಕೊಳ್ಳುತ್ತದೆ, ಮುಗಿಸುತ್ತದೆ, ಇನ್ನೊಂದನ್ನು ಮುಟ್ಟುತ್ತದೆ. ನಡುವೆ ಒಂದು ಹೊತ್ತು ಬರುತ್ತದೆ. ಎಲ್ಲರೂ ಓಡಾಡುತ್ತಾರೆ, ಗದ್ದಲವಾಗುತ್ತದೆ, ಮಕ್ಕಳು ಸುಸ್ತಾದರು ಅನ್ನಿಸುತ್ತದೆ. ಹೊರಗಿನಿಂದ ನೋಡಿದವರು ‘ಕ್ಲಾಸು ಕೈತಪ್ಪಿತು’ ಅನ್ನುವುದು ಆಗಲೇ. ಅದನ್ನು ಮಾಂಟೆಸರಿ ಸುಳ್ಳು ದಣಿವು ಎಂದು ಗುರುತಿಸಿದ್ದರು. ಟೀಚರು ಗದರಿಸದೆ ಕಾದರೆ, ಅದು ಕಳೆದ ಮೇಲೆ ಮಕ್ಕಳು ದಿನದ ಅತಿ ಗಟ್ಟಿ ಕೆಲಸಕ್ಕೆ ಕೂರುತ್ತಾರೆ. ನಲವತ್ತು ನಿಮಿಷಕ್ಕೊಮ್ಮೆ ಗಂಟೆ ಹೊಡೆಯುವ ಶಾಲೆಯಲ್ಲಿ ಆ ಮೂರನೇ ಘಟ್ಟ ಬರುವುದೇ ಇಲ್ಲ. ದಿನವೂ ಗದ್ದಲದ ಹೊತ್ತಿಗೇ ಪೀರಿಯಡ್ ಮುಗಿದಿರುತ್ತದೆ.

ಪ್ರಾರ್ಥನೆಗೂ ಬಿಸಿಯೂಟಕ್ಕೂ ನಡುವೆ ನಮಗೆ ಮೂರು ತಾಸು ಸಿಗಲಿಲ್ಲ, ಎರಡೂವರೆ ಸಿಕ್ಕಿತು. ಅದನ್ನು ಕಾಯುವುದೇ ದೊಡ್ಡ ಕೆಲಸ. ಕ್ಷೀರಭಾಗ್ಯದ ಹಾಲನ್ನು ಪ್ರಾರ್ಥನೆಗೆ ಮೊದಲೇ ಕೊಡುವಂತೆ ಅಡುಗೆಯವರೊಡನೆ ಮಾತಾಡಿಕೊಂಡೆವು. ಹಾಜರಾತಿ, ಎಸ್‌ಎಟಿಎಸ್‌ಗೆ ಬೇಕಾದ ಅಂಕಿ ಅಂಶ, ವಾಟ್ಸಾಪಿನಲ್ಲಿ ‘ಈ ಕೂಡಲೇ’ ಎಂದು ಬರುವ ಫೋಟೋ ಬೇಡಿಕೆ, ಎಲ್ಲ ಊಟದ ನಂತರಕ್ಕೆ. ಸಿಆರ್‌ಪಿಯವರಿಗೂ ಹೇಳಿದೆವು: ಸಾರ್, ಯಾವಾಗ ಬೇಕಾದರೂ ಬನ್ನಿ, ಆದರೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ನೋಡಿ, ಮಕ್ಕಳನ್ನು ಎಬ್ಬಿಸಿ ನಮಸ್ಕಾರ ಹೇಳಿಸಬೇಡಿ. ಒಬ್ಬರು ಮುಖ ಗಂಟಿಕ್ಕಿದರು. ಒಬ್ಬರು ಊಟದ ಹೊತ್ತಿನವರೆಗೂ ಅಲ್ಲಿಂದ ಏಳಲಿಲ್ಲ.

2. ನಲಿ-ಕಲಿಯ ಜೊತೆ ಜಗಳ ಬೇಡ

ಮಾಂಟೆಸರಿ ತರಬೇತಿ ಪಡೆದು ಬಂದವರಿಗೆ ನಲಿ-ಕಲಿ ಕಂಡರೆ ಸಣ್ಣ ತಾತ್ಸಾರ ಇರುತ್ತದೆ. ಅದನ್ನು ಹೊಸ್ತಿಲ ಹೊರಗೆ ಬಿಡಬೇಕು. 1995ರಲ್ಲಿ ಎಚ್.ಡಿ. ಕೋಟೆಯ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಕಟ್ಟಿದ ಕ್ರಮ ಅದು. 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ಗುಂಪಾಗಿ. ಮಾಂಟೆಸರಿ ಕೇಳುವ ಆರರಿಂದ ಒಂಬತ್ತರ ಬೆರಕೆ ವಯಸ್ಸಿನ ಗುಂಪು ಇದೇ ತಾನೆ? ಅಮೆರಿಕದ ಸರ್ಕಾರಿ ಶಾಲೆಗಳಲ್ಲಿ ಮಾಂಟೆಸರಿ ತರುವವರು ಈ ಬೆರಕೆಗಾಗಿಯೇ ಶಿಕ್ಷಣ ಮಂಡಳಿಗಳೊಡನೆ ಹೆಣಗುತ್ತಾರೆ. ನಮಗೆ ಅದು ಇಲಾಖೆಯ ಆದೇಶದಲ್ಲೇ ಬಂದಿದೆ.

ವ್ಯತ್ಯಾಸವೂ ಇದೆ, ಮುಚ್ಚಿಡಬೇಕಿಲ್ಲ. ನಲಿ-ಕಲಿಯ ಏಣಿ ಮುಂದಿನ ಕಾರ್ಡು ಯಾವುದೆಂದು ತಾನೇ ಹೇಳುತ್ತದೆ. ಮಾಂಟೆಸರಿಯಲ್ಲಿ ಟೀಚರು ತೋರಿಸಿಕೊಟ್ಟ ಕೆಲಸಗಳ ಪೈಕಿ ಇವತ್ತು ಯಾವುದೆಂದು ಮಗು ಆರಿಸಿಕೊಳ್ಳುತ್ತದೆ. ನಾವು ಏಣಿಯನ್ನು ಗೋಡೆಯ ಮೇಲೇ ಉಳಿಸಿಕೊಂಡೆವು, ಆದರೆ ದಾಖಲೆಗಾಗಿ. ಮಗು ಮಣಿಗಳಲ್ಲಿ ಕೂಡುವುದನ್ನು ಕೈವಶ ಮಾಡಿಕೊಂಡ ಮೇಲೆ ಅದಕ್ಕೆ ಹೊಂದುವ ಕಾರ್ಡು ಮಾಡುತ್ತದೆ, ಪ್ರಗತಿ ನೋಟದಲ್ಲಿ ಗುರುತಾಗುತ್ತದೆ. ತಪಾಸಣೆಗೆ ಬಂದವರಿಗೆ ತಮ್ಮ ಏಣಿ ಕಾಣುತ್ತದೆ, ಮಗುವಿಗೆ ತನ್ನ ಕೆಲಸ ಉಳಿಯುತ್ತದೆ.

3. ಕನ್ನಡಕ್ಕೆ ಪೆಟ್ಟಿಗೆಯಲ್ಲಿ ಸಿದ್ಧ ಉತ್ತರ ಸಿಗುವುದಿಲ್ಲ

ಹೆಚ್ಚು ತಲೆ ಕೆಡಿಸಿಕೊಂಡದ್ದು ಇಲ್ಲಿ. ಮಾಂಟೆಸರಿಯ ಬಿಡಿ ಅಕ್ಷರದ ಪೆಟ್ಟಿಗೆ ಇಟಾಲಿಯನ್ ಭಾಷೆಗೆ ಹುಟ್ಟಿದ್ದು. ಸ್ವರಗಳು ನೀಲಿ, ವ್ಯಂಜನಗಳು ಕೆಂಪು. ಮಗು ಸಾಲಾಗಿ ಜೋಡಿಸಿ, ಬರೆಯಲು ಬಾರದಿದ್ದರೂ ತನ್ನ ಮನಸ್ಸಿನ ಮಾತನ್ನು ಹಾಸಿನ ಮೇಲೆ ಮೂಡಿಸುತ್ತದೆ. ಕನ್ನಡದಲ್ಲಿ 34 ವ್ಯಂಜನಕ್ಕೂ ಕಾಗುಣಿತ ಕತ್ತರಿಸಿಟ್ಟರೆ ತುಂಡುಗಳು ಐನೂರು ದಾಟುತ್ತವೆ. ಅಷ್ಟರಲ್ಲಿ ಒಂದನ್ನು ಹುಡುಕುವ ಹೊತ್ತಿಗೆ ಹೇಳಬೇಕೆಂದಿದ್ದ ಮಾತು ಮರೆತಿರುತ್ತದೆ.

ನಾವು ಕಾಗುಣಿತದ ಚಿಹ್ನೆಗಳನ್ನು ಬೇರೆ ಮಾಡಿದೆವು. ಅ, ಇ, ಉ ನೀಲಿ ಆದರೆ ಗುಡಿಸು, ಕೊಂಬು, ಏತ್ವಗಳೂ ನೀಲಿ. ಎರಡೂ ಒಂದೇ ಮನೆಯವು ಎಂದು ಹೇಳಿಕೊಡುವ ಅಗತ್ಯ ಬೀಳಲಿಲ್ಲ. ತೊಡಕು ತಲಕಟ್ಟಿನಲ್ಲಿ. ‘ಕ’ಗೆ ಗುಡಿಸು ಬಂದರೆ ತಲಕಟ್ಟು ಹೋಗಬೇಕು. ಆದ್ದರಿಂದ ವ್ಯಂಜನವನ್ನು ತಲೆಯಿಲ್ಲದೆ ಕತ್ತರಿಸಿ, ತಲಕಟ್ಟನ್ನು ಪ್ರತ್ಯೇಕ ತುಂಡಾಗಿ ಇಟ್ಟೆವು. ಬ, ಲ, ಜಗಳಿಗೆ ಆ ತುಂಡೇ ಬೇಡ. ಮಕ್ಕಳು ಇದನ್ನು ತಾವೇ ಕಂಡುಹಿಡಿದು ನಮಗೆ ವರದಿ ಒಪ್ಪಿಸಿದರು. ಇನ್ನೊಂದು ‘ವು’. ಕೊಂಬನ್ನು ಎಲ್ಲ ಅಕ್ಷರಕ್ಕೆ ಇಟ್ಟಂತೆ ಬಲಕ್ಕೆ ಇಟ್ಟರೆ ‘ಮ’ ಆಗಿಬಿಡುತ್ತದೆ, ಅದಕ್ಕೇ ಪು, ವುಗಳಲ್ಲಿ ಕೊಂಬು ಕೆಳಗೆ ಇಳಿಯುತ್ತದೆ. ತುಂಡುಗಳನ್ನು ಕೈಯಲ್ಲಿ ಸರಿಸಿ ನೋಡಿದ ಮಗು ಈ ಎರಡರಲ್ಲಿ ತಪ್ಪುವುದು ಕಡಿಮೆ.

ಮರಳಿನ ಅಕ್ಷರಗಳನ್ನು ಉಪ್ಪುಕಾಗದದಲ್ಲಿ ನಾವೇ ಕತ್ತರಿಸಿ ಹಲಗೆಗೆ ಅಂಟಿಸಿದೆವು. ವರ್ಣಮಾಲೆಯ ಕ್ರಮ ಬಿಟ್ಟು ನಲಿ-ಕಲಿಯ ‘ರ ಗ ಸ ದ ಅ’ ಕ್ರಮವನ್ನೇ ಹಿಡಿದೆವು. ಐದೇ ಅಕ್ಷರಕ್ಕೆ ಸರ, ದರ, ಅರಸ, ಗರಗಸ ಹುಟ್ಟುತ್ತವೆ. ‘ಇದು ಗ’, ‘ಗ ಎಲ್ಲಿದೆ ತೋರಿಸು’, ‘ಇದು ಯಾವುದು?’ ಎಂಬ ಮೂರು ಹಂತದ ಪಾಠ ಕನ್ನಡದಲ್ಲಿ ಇಂಗ್ಲಿಷಿಗಿಂತ ಸಲೀಸು, ಅಕ್ಷರದ ಹೆಸರೂ ಉಲಿಯೂ ಒಂದೇ ಆದ್ದರಿಂದ.

ಆದರೆ ಒತ್ತಕ್ಷರವನ್ನು ಪಠ್ಯದಂತೆ ಕೊನೆಗೆ ಇಡಲು ಆಗಲಿಲ್ಲ. ಬಿಡಿ ಅಕ್ಷರ ಕೈಗೆ ಸಿಕ್ಕ ಮಗು ಮೊದಲು ಬರೆಯಬಯಸುವುದು ಯಾರ ಹೆಸರನ್ನು? ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ. ಎಲ್ಲದರಲ್ಲೂ ಒತ್ತು! ಕ, ಪ, ಜ, ಣಗಳ ಒತ್ತು ಆಯಾ ಅಕ್ಷರದ ಮರಿಯಂತೆಯೇ ಇರುವುದರಿಂದ ಅವನ್ನು ಮೊದಲೇ ಕೊಟ್ಟೆವು. ತನ್ನ ಅಕ್ಷರವನ್ನು ಹೋಲದ ಮ ಒತ್ತನ್ನು ಅಮ್ಮನ ಸಲುವಾಗಿ ಸೇರಿಸಿದೆವು. ತ, ನ, ಯ, ರ, ಲಗಳವು ಆಮೇಲೆ.

4. ದಾಸ್ತಾನು ವಹಿಯ ಭಯ

ಸಾಮಾನು ತರಿಸಿದ ಮೇಲೆ ಅದು ದಾಸ್ತಾನು ವಹಿಯಲ್ಲಿ ಏರುತ್ತದೆ. ಏರಿದ ಮೇಲೆ ಮುಖ್ಯ ಶಿಕ್ಷಕರ ತಲೆಗೆ ಕಟ್ಟಿದ ಹೊರೆ. ಒಂದು ಮಣಿ ಕಳೆದರೂ ಮುಂದೆ ಆಡಿಟ್ಟಿನಲ್ಲಿ ಉತ್ತರ ಕೊಡಬೇಕಾದೀತು ಎಂಬ ಅಂಜಿಕೆಗೆ ಎಲ್ಲ ಬೀರು ಸೇರಿ ಬೀಗ ಬೀಳುತ್ತದೆ. ಎಷ್ಟೋ ಶಾಲೆಗಳ ಬೀರುಗಳಲ್ಲಿ ಪ್ಲಾಸ್ಟಿಕ್ ಕವರು ತೆಗೆಯದ ಗಣಿತ ಕಿಟ್ ಇರುವುದಕ್ಕೆ ಮೇಷ್ಟ್ರುಗಳ ಸೋಮಾರಿತನ ಕಾರಣವಲ್ಲ, ಈ ವಹಿ ಕಾರಣ. ಎಸ್‌ಡಿಎಂಸಿ ಸಭೆಯಲ್ಲಿ, ಇವು ಮಕ್ಕಳು ಬಳಸಿ ಸವೆಸುವ ಸಾಮಾನು, ಸವೆದದ್ದನ್ನು ವರ್ಷಕ್ಕೊಮ್ಮೆ ಪಟ್ಟಿಯಿಂದ ತೆಗೆಯಬಹುದು ಎಂದು ನಡಾವಳಿ ಬರೆಸಿ ಸಹಿ ಹಾಕಿಸಿ. ಮೊದಲ ಪೆಟ್ಟಿಗೆ ಒಡೆಯುವ ಮುನ್ನವೇ ಬರೆಸಿ.

ಯಾವುದನ್ನು ಕೊಳ್ಳಬೇಕು ಎಂಬುದಕ್ಕೆ ನನ್ನ ಅಳತೆ ಇಷ್ಟೆ: ನಿಖರತೆಯೇ ಪಾಠವಾಗಿರುವಲ್ಲಿ ಕೊಳ್ಳಿ. ಗುಲಾಬಿ ಗೋಪುರದ ಹತ್ತು ಘನಗಳು 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗೆ ಒಂದೊಂದೇ ಸೆಂಟಿಮೀಟರು ಬೆಳೆಯಬೇಕು. ಅಂದಾಜಿನಲ್ಲಿ ಕೊಯ್ದರೆ ತಪ್ಪನ್ನು ಸಾಮಾನೇ ತೋರಿಸುವ ಗುಣ ಹೋಯಿತು. ದಶಮಾನದ ಚಿನ್ನದ ಬಣ್ಣದ ಮಣಿಗಳನ್ನೂ ಕೊಳ್ಳಿ. ಕೋಲುಗಳನ್ನು, ಆಕಾರದ ಚೌಕಟ್ಟುಗಳನ್ನು ಊರಿನ ಬಡಗಿ ಮಾಡಿಕೊಡುತ್ತಾರೆ. ದಿನಬಳಕೆಯ ಕೆಲಸಗಳಿಗೆ ದುಡ್ಡೇ ಬೇಡ: ಅವರೆಕಾಳು ಸುಲಿಯುವುದು, ಹೂ ಕಟ್ಟುವುದು, ತಂಬಿಗೆಯಿಂದ ಲೋಟಕ್ಕೆ ಚೆಲ್ಲದಂತೆ ನೀರು ಸುರಿಯುವುದು. ಇದಕ್ಕೆ ನಮ್ಮ ದೇಶದಲ್ಲೇ ಹಿರಿಯರಿದ್ದಾರೆ. ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಆದಿವಾಸಿ ಮಕ್ಕಳಿಗಾಗಿ ಸುತ್ತಲಿನ ವಸ್ತುಗಳಿಂದಲೇ ಬಾಲವಾಡಿ ನಡೆಸಿದರು.

ದಾನಿಗಳು ಒಂದೇ ಸಾಮಾನಿನ ಹತ್ತು ಸೆಟ್ ಕೊಡಲು ಬಂದರೆ ವಿನಯದಿಂದ ಬೇಡ ಅನ್ನಿ. ಒಂದೇ ಇದ್ದಾಗ ಕಾಯುವುದು, ಕೇಳುವುದು, ಇನ್ನೊಬ್ಬರ ಕೆಲಸ ನೋಡುತ್ತ ಕಲಿಯುವುದು ನಡೆಯುತ್ತದೆ.

5. ಪೊರಕೆ ಎಲ್ಲರ ಕೈಯಲ್ಲೂ ಒಂದೇ ಅಲ್ಲ

ಇದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿರಲಿಲ್ಲ. ಮಾಂಟೆಸರಿಯಲ್ಲಿ ಗುಡಿಸುವುದು, ಒರೆಸುವುದು, ಪಾತ್ರೆ ತೊಳೆಯುವುದು ಘನತೆಯ ಕೆಲಸ, ಕೈಗೂ ಗಮನಕ್ಕೂ ಸಾಧನೆ. ಆದರೆ ನಮ್ಮ ಹಳ್ಳಿಗಳಲ್ಲಿ ಪೊರಕೆ ಯಾರ ಕೈಗೆ ಬಂತು ಎನ್ನುವುದಕ್ಕೆ ಹಳೆಯ ಕಹಿ ಅರ್ಥವಿದೆ. ‘ನಮ್ಮ ಮಗಳನ್ನ ಗುಡಿಸೋಕೆ ಕಳಿಸಿಲ್ಲ ಟೀಚರ್’ ಎಂದು ತಾಯಿಯೊಬ್ಬರು ಹೇಳಿದರೆ ಅದು ತಿಳಿವಳಿಕೆ ಕಡಿಮೆಯಾದ ಮಾತಲ್ಲ, ಬಹಳ ತಿಳಿದ ಮಾತು. ಅದಕ್ಕೆ ಮಾಂಟೆಸರಿ ಸಿದ್ಧಾಂತದಿಂದ ಉತ್ತರ ಕೊಡಬಾರದು. ಶೌಚಾಲಯದ ಕೆಲಸ ಮಕ್ಕಳಿಗೆ ಯಾವತ್ತೂ ಇಲ್ಲ. ಕೋಣೆ ಗುಡಿಸುವುದನ್ನು ಮೊದಲು ಟೀಚರು ಮಾಡಿ ತೋರಿಸುತ್ತಾರೆ. ಗೌಡರ ಮಗನ ಸರದಿಯೂ ಬರುತ್ತದೆ, ಬಂದದ್ದು ಪಟ್ಟಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಇದಿಷ್ಟನ್ನು ಪೋಷಕರ ಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು.

6. ಪೋಷಕರಿಗೆ ಭಾಷಣ ಬೇಡ, ಚಾಪೆ ಹಾಸಿ

‘ಬರೀ ಆಟ ಆಡಿಸ್ತಾರೆ, ಹೋಂವರ್ಕೇ ಇಲ್ಲ’ ಎಂಬ ದೂರಿಗೆ ಕರಪತ್ರ ಕೆಲಸ ಮಾಡುವುದಿಲ್ಲ. ಎರಡನೇ ತರಗತಿಯ ಮಗು ಸಾವಿರದ ಘನ, ನೂರರ ಚೌಕ, ಹತ್ತರ ಸರ, ಬಿಡಿ ಮಣಿಗಳನ್ನು ತಟ್ಟೆಯಲ್ಲಿ ತಂದು ನಾಲ್ಕಂಕಿಯ ಲೆಕ್ಕ ಕೂಡಿ, ಹತ್ತಾದಾಗ ಬದಲಾಯಿಸಿಕೊಂಡು ಬರುವುದನ್ನು ಅಪ್ಪ ಪಕ್ಕದಲ್ಲಿ ಕೂತು ನೋಡಲಿ. ‘ದಶಕ ಅಂದ್ರೆ ಇದಾ!’ ಅಂದವರು ನಮ್ಮಲ್ಲಿ ಒಬ್ಬಿಬ್ಬರಲ್ಲ.

7. ಪರೀಕ್ಷೆಯನ್ನು ಹೀಗಳೆಯಬೇಡಿ

ಎಫ್‌ಎ, ಎಸ್‌ಎ ಬರುತ್ತವೆ, ಅಂಕ ತುಂಬಲೇಬೇಕು. ಮಣಿಯಲ್ಲಿ ಭಾಗಾಕಾರ ಮಾಡುವ ಮಗುವಿಗೆ ಪ್ರಶ್ನೆಪತ್ರಿಕೆಯ ಭಾಷೆ ಹೊಸದು. ಪ್ರಶ್ನೆಪತ್ರಿಕೆ ಬರೆಯುವುದನ್ನೂ ನಾಲ್ಕನೇ ತರಗತಿಯಿಂದ ಒಂದು ಕೆಲಸವಾಗಿ, ತೋರಿಸಿ, ಅಭ್ಯಾಸ ಮಾಡಿಸಿದೆವು. ಅದರಿಂದ ಮಾಂಟೆಸರಿಗೆ ಮೈಲಿಗೆಯಾಗುವುದಿಲ್ಲ. ಅಧಿಕಾರಿಗಳು ಪುರಾವೆ ಕೇಳಿದರೆ ಹೇಳಲು ಒಂದು ಮಾತಿದೆ: ಅಮೆರಿಕದ ಮಿಲ್ವಾಕಿಯ ಸರ್ಕಾರಿ ಮಾಂಟೆಸರಿ ಶಾಲೆಯೊಂದಕ್ಕೆ ಲಾಟರಿಯಲ್ಲಿ ಸೀಟು ಸಿಕ್ಕ ಮಕ್ಕಳನ್ನೂ ಸಿಗದವರನ್ನೂ ಆಂಜಲಿನ್ ಲಿಲ್ಲಾರ್ಡ್ ಮತ್ತು ನಿಕೋಲ್ ಎಲ್ಸ್-ಕ್ವೆಸ್ಟ್ ಹೋಲಿಸಿ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಐದರ ವಯಸ್ಸಿಗೆ ಓದು, ಗಣಿತಗಳಲ್ಲಿ ಸೀಟು ಸಿಕ್ಕವರು ಮುಂದಿದ್ದರು. ಲಾಟರಿಯಿಂದಾಗಿ, ಮನೆಯವರ ಆಸಕ್ತಿಯೇ ಇದಕ್ಕೆ ಕಾರಣ ಎಂದು ತಳ್ಳಿಹಾಕುವುದು ಕಷ್ಟ. ಅದೇ ಸೂತ್ರ ನಮಗೂ ಪಾಠ: ಸೀಟಿಗಿಂತ ಮಕ್ಕಳು ಹೆಚ್ಚಾದಾಗ ಚೀಟಿ ಎತ್ತಿ. ಸದಸ್ಯರ ಶಿಫಾರಸು ಒಮ್ಮೆ ಒಳಗೆ ಬಂದರೆ ಆ ಕೋಣೆ ಸರ್ಕಾರಿ ಶಾಲೆಯೊಳಗಿನ ಖಾಸಗಿ ಶಾಲೆಯಾಗುತ್ತದೆ.

8. ಆರು ದಾಟಿದವರನ್ನು ಕೋಣೆಯಲ್ಲಿ ಕಟ್ಟಿಹಾಕಬೇಡಿ

ನಮ್ಮಲ್ಲಿ ಮಾಂಟೆಸರಿ ಅಂದರೆ ಯುಕೆಜಿಗೆ ಮುಗಿಯಿತು. ಆದರೆ ಆರರಿಂದ ಹನ್ನೆರಡರ ಮಕ್ಕಳ ಶಿಕ್ಷಣಕ್ಕೆ ಮಾಂಟೆಸರಿ ಮತ್ತು ಅವರ ಮಗ ಮಾರಿಯೋ ರೂಪ ಕೊಟ್ಟದ್ದು ನಮ್ಮ ಪಕ್ಕದ ಕೊಡೈಕೆನಾಲಿನಲ್ಲೇ, 1942ರಿಂದ 44ರವರೆಗೆ. ಯುದ್ಧದ ಕಾಲದಲ್ಲಿ ಇಟಲಿಯವರೆಂಬ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಅವರ ಓಡಾಟಕ್ಕೆ ಕಡಿವಾಣ ಹಾಕಿತ್ತು. ಈ ವಯಸ್ಸಿನವರಿಗೆ ಬೇಕಾದ್ದು ದೊಡ್ಡ ಕಥೆ, ಆಮೇಲೆ ಹೊರಗಿನ ಲೋಕ. ಭೂಮಿ ಹುಟ್ಟಿದ ಕಥೆ ಕೇಳಿದವರು ಕೆರೆ ಏರಿ ಯಾರು ಕಟ್ಟಿಸಿದರು ಎಂದು ಕೇಳುತ್ತಾರೆ. ನಾಲ್ಕು ಜನರ ಗುಂಪು ಪಂಚಾಯಿತಿ ಕಚೇರಿಗೆ, ಬಿತ್ತನೆ ಬೀಜದ ಅಂಗಡಿಗೆ ಪ್ರಶ್ನೆ ಬರೆದುಕೊಂಡು ಹೋಗಿಬರುತ್ತದೆ. ಜೊತೆಗೆ ಎಸ್‌ಡಿಎಂಸಿಯ ಒಬ್ಬರು ಇರುತ್ತಾರೆ.

9. ಒಬ್ಬರ ಹೆಗಲ ಮೇಲೆ ಕಟ್ಟಬೇಡಿ

ಒಂದು ಸರ್ಕಾರಿ ಶಾಲೆಯ ತರಗತಿಯಲ್ಲೇ ಹೊಸ ಪ್ರಯೋಗ ಮಾಡುವ ಮೇಷ್ಟ್ರ ಕಥೆಯನ್ನು ಗಿಜುಭಾಯಿ ಬಧೇಕಾ ‘ದಿವಾಸ್ವಪ್ನ’ದಲ್ಲಿ ಬರೆದಿದ್ದಾರೆ. ಆ ಮೇಷ್ಟ್ರಿಗೆ ವರ್ಗಾವಣೆ ಕೌನ್ಸೆಲಿಂಗ್ ಇರಲಿಲ್ಲ. ನಮಗಿದೆ. ಉತ್ಸಾಹಿ ಟೀಚರು ಹೋದ ವರ್ಷವೇ ಕೋಣೆಗೆ ಬೆಂಚು ಬರುತ್ತದೆ, ಗಂಟೆ ಮತ್ತೆ ಕೇಳಿಸುತ್ತದೆ. ಆದ್ದರಿಂದ ಕನಿಷ್ಠ ಇಬ್ಬರು ಒಟ್ಟಿಗೆ ಕಲಿಯಬೇಕು, ಅವರಲ್ಲಿ ಒಬ್ಬರು ಸದ್ಯಕ್ಕೆ ಊರು ಬಿಡದವರಾಗಿರಬೇಕು. ಅತಿಥಿ ಶಿಕ್ಷಕರನ್ನೂ ಬೆಳಿಗ್ಗೆಯ ಕೆಲಸದಲ್ಲಿ ಕೂರಿಸಿ. ಸಹಾಯಕಿಯಾಗಿ ಬಂದವರಿಗೆ ಹೇಳಿಕೊಡಬೇಕಾದ ಅತಿ ಕಷ್ಟದ ಪಾಠ, ಸಹಾಯ ಮಾಡದಿರುವುದು. ಮಗು ಗುಂಡಿ ಹಾಕಲು ಹೆಣಗುವಾಗ ಕೈ ಹಿಂದೆ ಕಟ್ಟಿ ನಿಲ್ಲಲು ನಮ್ಮಲ್ಲಿ ಯಾರಿಗೂ ಸುಲಭದಲ್ಲಿ ಆಗುವುದಿಲ್ಲ.

ಪಕ್ಕದ ತರಗತಿಯವರ ಮುನಿಸಿಗೂ ಔಷಧಿ ಹಂಚಿಕೊಳ್ಳುವುದೇ. ಅವರಿಗೆ ನಲವತ್ತು ಮಕ್ಕಳು, ಇವರಿಗೆ ಹೊಸ ಚಾಪೆ ಎಂಬ ಮಾತು ಸಹೋದ್ಯೋಗಿಗಳಲ್ಲಿ ಬಂದೇ ಬರುತ್ತದೆ, ಅದರಲ್ಲಿ ನ್ಯಾಯವೂ ಇದೆ. ನಾವು ಊಟದ ನಂತರ ಸಾಮಾನಿನ ಬೀರುಗಳನ್ನು ಇಡೀ ಶಾಲೆಗೆ ತೆರೆದಿಟ್ಟೆವು. ಐದನೇ ತರಗತಿಯ ಮೇಷ್ಟ್ರು ಭಿನ್ನರಾಶಿಯ ವೃತ್ತಗಳನ್ನು ಒಯ್ದು ವಾರಗಟ್ಟಲೆ ವಾಪಸ್ ಕೊಡಲಿಲ್ಲ. ಕೇಳಲು ಹೋದಾಗ ಅವರ ಮಕ್ಕಳು ನೆಲದ ಮೇಲೆ ಕೂತು ಅರ್ಧಕ್ಕೆ ಕಾಲು ಸೇರಿಸುತ್ತಿದ್ದರು. ಊರಿನ ಬಡಗಿಗೆ ಇನ್ನೊಂದು ಸೆಟ್ ಹೇಳಿ ಬಂದೆ.