ಆಮ್ಲಕ್ಕೆ ಅಂಜದ ಪ್ಲಾಸ್ಟಿಕ್

ಕಬ್ಬಿಣದ ಮೊಳೆಯೊಂದನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿದರೆ ಅದು ಗುಳ್ಳೆಯೆಬ್ಬಿಸುತ್ತ ಸವೆದುಹೋಗುವುದನ್ನು ನಾವು ಪ್ರಯೋಗಶಾಲೆಯಲ್ಲಿ ಕಂಡಿದ್ದೇವೆ. ಚಿನ್ನವನ್ನು ರಾಜೋದಕವೂ ಗಾಜನ್ನು ಹೈಡ್ರೋಫ್ಲೋರಿಕ್ ಆಮ್ಲವೂ ಕರಗಿಸುತ್ತವೆ. ಈ ಮೂರಕ್ಕೂ ಜಗ್ಗದ ಪ್ಲಾಸ್ಟಿಕ್ ಒಂದುಂಟು. ಅದೇ ಪಾಲಿಟೆಟ್ರಾಫ್ಲೋರೋಎಥಿಲೀನ್. ಟೆಫ್ಲಾನ್ ಎಂಬುದು ಅದರ ಜನಪ್ರಿಯ ವ್ಯಾಪಾರನಾಮ.

ಇದರ ಜನನ ಆಕಸ್ಮಿಕ. ಅಮೆರಿಕದ ಡ್ಯೂಪಾಂಟ್ ಸಂಸ್ಥೆಯಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನು ಶೈತ್ಯಯಂತ್ರಗಳಿಗೆ ಬೇಕಾದ ಅನಿಲಗಳನ್ನು ಕುರಿತು ಸಂಶೋಧನೆ ನಡೆಸುತ್ತಿದ್ದನು. 1938ರ ಏಪ್ರಿಲ್ 6ರಂದು ಟೆಟ್ರಾಫ್ಲೋರೋಎಥಿಲೀನ್ ತುಂಬಿದ್ದ ಸಿಲಿಂಡರನ್ನು ತೆರೆದಾಗ ಅನಿಲವು ಹೊರಬರಲಿಲ್ಲ. ಆದರೆ ಸಿಲಿಂಡರಿನ ತೂಕ ಕಡಿಮೆಯಾಗಿರಲಿಲ್ಲ! ಕೊಯ್ದು ನೋಡಲು ಒಳಗೆ ಬಿಳಿಯ ಪುಡಿಯಿದ್ದಿತು. ಅನಿಲದ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ನೀಳವಾದ ಸರಪಣಿಗಳಾಗಿದ್ದುವು.

ಈ ಸರಪಣಿಯ ಬೆನ್ನೆಲುಬು ಇಂಗಾಲ. ಪ್ರತಿಯೊಂದು ಇಂಗಾಲದ ಪರಮಾಣುವಿಗೂ ಎರಡೆರಡು ಫ್ಲೋರೀನ್ ಪರಮಾಣುಗಳು ಅಂಟಿಕೊಂಡು, ಬೆನ್ನೆಲುಬಿನ ಸುತ್ತ ಕವಚದಂತೆ ನಿಂತಿವೆ. ಇಂಗಾಲ-ಫ್ಲೋರೀನ್ ಬಂಧವು ಬಹು ದೃಢವಾದುದು. ಆಕ್ರಮಣಕಾರಿ ರಾಸಾಯನಿಕಗಳಿಗೆ ಅದನ್ನು ಮುರಿಯುವುದೂ ಕವಚವನ್ನು ಭೇದಿಸುವುದೂ ದುಸ್ಸಾಧ್ಯ. ದ್ರವಿತ ಸೋಡಿಯಂನಂಥ ಕ್ಷಾರಲೋಹಗಳು, ಹೆಚ್ಚಿನ ಉಷ್ಣತೆಯಲ್ಲಿರುವ ಫ್ಲೋರೀನ್ ಅನಿಲ ಮುಂತಾದ ಕೆಲವೇ ಪದಾರ್ಥಗಳು ಈ ವಸ್ತುವನ್ನು ಕೆಡಿಸಬಲ್ಲುವು. ಸರಪಣಿ ಸರಪಣಿಗಳ ನಡುವಣ ಆಕರ್ಷಣೆಯಾದರೋ ಅತ್ಯಲ್ಪ. ಆದುದರಿಂದಲೇ ಇದರ ಮೈ ನುಣುಪು. ಯಾವುದೂ ಸುಲಭವಾಗಿ ಅಂಟದು.

ಸುಮಾರು 260 ಡಿಗ್ರಿ ಸೆಂಟಿಗ್ರೇಡಿನವರೆಗೆ ಇದನ್ನು ಬಳಸಬಹುದು. 327 ಡಿಗ್ರಿಯಲ್ಲಿ ಕರಗುತ್ತದೆ. ಆದರೆ ಕರಗಿದರೂ ನೀರಿನಂತೆ ಹರಿಯದು! ಇತರ ಪ್ಲಾಸ್ಟಿಕ್‌ಗಳಂತೆ ಅಚ್ಚಿಗೆ ಹೊಯ್ಯಲಾಗದ ಕಾರಣ, ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ, ಬಳಿಕ ಕುಲುಮೆಯಲ್ಲಿ ಕಾಯಿಸಿ ಬೆಸೆಯಬೇಕು.

ಎರಡನೆಯ ಮಹಾಯುದ್ಧದಲ್ಲಿ ಅಣುಬಾಂಬು ಯೋಜನೆಗಾಗಿ, ಲೋಹವನ್ನೇ ತಿನ್ನುವ ಯುರೇನಿಯಂ ಹೆಕ್ಸಾಫ್ಲೋರೈಡನ್ನು ನಿಭಾಯಿಸಬೇಕಾಗಿತ್ತು. ಅಲ್ಲಿ ಇದರ ಗ್ಯಾಸ್ಕೆಟ್‌ಗಳು ನೆರವಾದುವು. ಇಂದು ರಾಸಾಯನಿಕ ಕಾರ್ಖಾನೆಗಳಲ್ಲಿ ಉಕ್ಕಿನ ಕೊಳವೆ, ಕವಾಟ, ಪಂಪುಗಳಿಗೆ ಇದನ್ನು ಒಳಪದರವಾಗಿ ಹೊದಿಸುತ್ತಾರೆ. ಬಲ ಉಕ್ಕಿನದು, ರಕ್ಷಣೆ ಪ್ಲಾಸ್ಟಿಕ್ಕಿನದು. ವಿದ್ಯುತ್ ತಂತಿಗಳಿಗೂ ಇದು ಉತ್ತಮ ನಿರೋಧಕ.

ದೋಷಗಳೂ ಇಲ್ಲದಿಲ್ಲ. ಸತತವಾದ ಒತ್ತಡದಲ್ಲಿ ಈ ವಸ್ತು ಮೆಲ್ಲಗೆ ಜರುಗಿ ಆಕಾರಗೆಡುತ್ತದೆ; ಗಾಜಿನ ನಾರನ್ನು ಬೆರೆಸಿ ಇದನ್ನು ತಗ್ಗಿಸುತ್ತಾರೆ. ಮಿತಿಮೀರಿ ಕಾಯಿಸಿದರೆ ವಿಷಕಾರಕ ಹೊಗೆ ಏಳುತ್ತದೆ. ಇವೆಲ್ಲಕ್ಕಿಂತ ಗಂಭೀರವಾದುದು ಮತ್ತೊಂದು. ಇದರ ತಯಾರಿಕೆಯಲ್ಲಿ ಬಹುಕಾಲ ಬಳಸಿದ ಪರ್‌ಫ್ಲೋರೋಆಕ್ಟನೋಯಿಕ್ ಆಮ್ಲವು ನೀರನ್ನೂ ದೇಹವನ್ನೂ ಸೇರಿ, ಸುಲಭವಾಗಿ ನಾಶವಾಗದೆ ಉಳಿಯುತ್ತದೆ. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವು ಅದನ್ನು ನಿಷೇಧ್ಯ ವಸ್ತುಗಳ ಪಟ್ಟಿಗೆ ಸೇರಿಸಿತು. ಕೊಳವೆಯನ್ನು ಕಾಯುವ ಬಂಧವೇ ಆ ಆಮ್ಲದಲ್ಲಿಯೂ ಇದೆ ಎಂಬುದನ್ನು ನಾವು ಗಮನಿಸಬೇಕು. ಅಳಿಯದ ವಸ್ತುವನ್ನು ಸೃಷ್ಟಿಸಿದವರಿಗೆ, ಬಳಕೆಯ ನಂತರ ಅದು ಎಲ್ಲಿಗೆ ಹೋಗುವುದೆಂದು ಚಿಂತಿಸುವ ಹೊಣೆಯೂ ಉಂಟು.