ಬಲವಾದ ಕೂಗಿಗೆ ಎದುರಾಳಿಗಳು ಅಡ್ಡ ಬಂದಾಗ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಇಸ್ಪೀಟಿನ ಪಾಠವೇ ಎಂದು ನಮ್ಮ ಮಾನ್ಯ ಪೋಷಕರಲ್ಲಿ ಕೆಲವರು ಹುಬ್ಬೇರಿಸಬಹುದು. ಹಣವಿಟ್ಟು ಆಡುವುದನ್ನು ನಾವೂ ಒಪ್ಪುವವರಲ್ಲ. ಆದರೆ ಬ್ರಿಜ್ ಆಟವು ಆ ವರ್ಗಕ್ಕೆ ಸೇರಿದ್ದಲ್ಲ. 2018ರಲ್ಲಿ ಜಕಾರ್ತದಲ್ಲಿ ಜರುಗಿದ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ ಜೋಡಿ ಸ್ಪರ್ಧೆಯ ಚಿನ್ನದ ಪದಕವನ್ನು ನಮ್ಮ ದೇಶದವರು ಗಳಿಸಿದುದು ಈ ಆಟದಲ್ಲಿಯೇ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ಈ ಆಟವನ್ನು ಆಡುತ್ತಿರುವುದರಿಂದ, ಅವರು ಮೇಲಿಂದ ಮೇಲೆ ಕೇಳುವ ಒಂದು ಸಂಗತಿಯನ್ನು ಇಲ್ಲಿ ವಿವರಿಸುತ್ತೇವೆ.

ಆಟವನ್ನರಿಯದವರಿಗಾಗಿ ಮೊದಲು ಎರಡು ಮಾತು. ಎದುರುಬದುರು ಕುಳಿತ ಇಬ್ಬರು ಒಂದು ಜೊತೆ. ಒಬ್ಬೊಬ್ಬರಿಗೆ 13 ಎಲೆ. ಆಟಕ್ಕೆ ಮುಂಚೆ ಹರಾಜಿನಂತೆ ಕೂಗು ನಡೆಯುವುದು. ತಮ್ಮ ಜೊತೆಯು ಎಷ್ಟು ಸುತ್ತುಗಳನ್ನು ಗೆಲ್ಲುವುದು, ಯಾವ ಜಾತಿ ತುರುಫು, ಎಂಬುದನ್ನು ಕೂಗಿನಿಂದಲೇ ಗೊತ್ತುಮಾಡಬೇಕು. ಬೇರೆ ಮಾತಾಗಲಿ ಸನ್ನೆಯಾಗಲಿ ಕೂಡದು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಎಣಿಸಿದರೆ ಕಟ್ಟಿನಲ್ಲೆಲ್ಲಾ 40 ಅಂಕಗಳಿರುವುವು. ಒಬ್ಬಳ ಕೈಯಲ್ಲಿಯೇ 22 ಅಥವಾ ಅದಕ್ಕೆ ಮೇಲ್ಪಟ್ಟು ಬಂದರೆ ಆಕೆ ‘ಎರಡು ಕಳಾವರು’ ಎಂದು ಪ್ರಾರಂಭಿಸುವುದು ಬಹುಜನರ ರೂಢಿ. ಈ ಕೂಗಿಗೂ ಕಳಾವರಿನ ಎಲೆಗಳಿಗೂ ಸಂಬಂಧವಿಲ್ಲ. ‘ನನ್ನ ಕೈ ಬಹಳ ಬಲವಾಗಿದೆ, ಸುಮ್ಮನಾಗಬೇಡ’ ಎಂಬುದೇ ಅದರ ಅರ್ಥ. ಜೊತೆಗಾರ್ತಿಯು ಸಾಮಾನ್ಯವಾಗಿ ‘ಎರಡು ಡೈಮಂಡು’ ಎಂದು ಕಾಲಾವಕಾಶ ಕೊಡುವಳು. ಆಮೇಲೆ ಇಬ್ಬರೂ ನಿಧಾನವಾಗಿ ಮೆಟ್ಟಲು ಮೆಟ್ಟಲಾಗಿ ಏರಬಹುದು.

ಈ ನಿಧಾನವನ್ನು ಕೆಡಿಸುವುದಕ್ಕಾಗಿಯೇ ಎದುರಾಳಿಯು ನಡುವೆ ಬಾಯಿ ಹಾಕುವಳು. ಎರಡು ಕಳಾವರಿನ ಮೇಲೆ ಆಕೆ ‘ಮೂರು ಡೈಮಂಡು’ ಎಂದಳೆನ್ನಿ. ಎರಡು ಡೈಮಂಡಿನಿಂದ ಮೂರು ಕಳಾವರಿನವರೆಗೆ ಐದು ಮೆಟ್ಟಲುಗಳು ಒಮ್ಮೆಲೇ ಹೋದವು. ಆಕೆಯ ಕೈಯಲ್ಲಿ ಉದ್ದನೆಯ ಡೈಮಂಡು ಇರಬಹುದೇ ಹೊರತು ಹೆಚ್ಚಿನ ಬಲವಿರಲಾರದು. 40ರಲ್ಲಿ 22 ನಮ್ಮಲ್ಲಿಯೇ ಇದ್ದ ಮೇಲೆ ಮಿಕ್ಕವರಿಗೆ ಉಳಿಯುವುದೆಷ್ಟು? ಹೊಸಬರು ಇದನ್ನು ಮರೆತು ಗಾಬರಿಯಾಗುವರು.

ಹಳಬರೂ ಮುಗ್ಗರಿಸುವುದುಂಟು ಎಂಬುದಕ್ಕೆ ನಾವೇ ಸಾಕ್ಷಿ. ಒಂದು ಬೇಸಿಗೆಯ ರಜೆಯಲ್ಲಿ ನಮ್ಮ ಕೈಗೆ ಹೀಗೆ ಬಂದಿತ್ತು: ಇಸ್ಪೇಟಿನಲ್ಲಿ ಎಕ್ಕ, ರಾಜ, ರಾಣಿ, ಗುಲಾಮ, ಆರು, ನಾಲ್ಕು, ಆಟೀನಿನಲ್ಲಿ ಎಕ್ಕ, ರಾಜ, ಐದು, ಡೈಮಂಡಿನಲ್ಲಿ ಒಂದೇ ಏಳು, ಕಳಾವರಿನಲ್ಲಿ ಎಕ್ಕ, ರಾಣಿ, ಗುಲಾಮ. ಒಟ್ಟು 24 ಅಂಕ. ನಾವು ಎರಡು ಕಳಾವರು ಎಂದೆವು. ಎಡಗಡೆಯವರು ಮೂರು ಡೈಮಂಡು ಎಂದರು. ಜೊತೆಯ ಉಪಾಧ್ಯಾಯಿನಿಯವರು ಪಾಸ್ ಎಂದರು. ಏನೋ ಸ್ವಲ್ಪ ಬಲವಿರುವುದರಿಂದಲೇ ಆತುರಪಡದೆ ನಮಗೆ ಎಡೆ ಬಿಟ್ಟಿದ್ದಾರೆಂದು ನಾವು ತಿಳಿದೆವು. ಮೂರು ಇಸ್ಪೇಟು ಎಂದೆವು, ಅವರು ನಾಲ್ಕಕ್ಕೆ ಏರಿಸಿದರು. ಆಟೀನಿನ ರಾಣಿ, ಕಳಾವರಿನ ರಾಜ ಅಲ್ಲಿದ್ದೇ ಇರಬೇಕೆಂದು ಊಹಿಸಿ ಆರು ಇಸ್ಪೇಟಿಗೆ ಹಾರಿದೆವು. ಅವರು ಎಲೆಗಳನ್ನು ಮೇಜಿನ ಮೇಲೆ ಹರಡಿದಾಗ ಅಲ್ಲಿ ಒಂದು ಅಂಕವೂ ಇರಲಿಲ್ಲ! ಬೇಕಾದುದು ಹನ್ನೆರಡು ಸುತ್ತು, ಬಂದುದು ಹತ್ತು. ನಾಲ್ಕರಲ್ಲಿ ನಿಂತಿದ್ದರೆ ನಮಗೆ 420 ಬರುತ್ತಿತ್ತು. ಈಗ ಎದುರಾಳಿಗಳಿಗೆ 100 ತೆತ್ತೆವು.

ನಾವು ಸ್ವಲ್ಪ ಗಟ್ಟಿಯಾಗಿಯೇ ಆಕ್ಷೇಪಿಸಿದೆವೆಂದು ತೋರುತ್ತದೆ. “ಕೈಯಲ್ಲಿ ಏನೂ ಇಲ್ಲದಿದ್ದರೆ ಪಾಸ್ ಅನ್ನದೆ ಇನ್ನೇನು ಅನ್ನಲಿ ಟೀಚರ್?” ಎಂದು ಅವರು ಎದ್ದುಹೋದರು. ರಜೆ ಮುಗಿಯುವ ತನಕ ನಮ್ಮೊಂದಿಗೆ ಎಲೆ ಹಿಡಿಯಲಿಲ್ಲ. ಅವರ ಪ್ರಶ್ನೆಯು ನ್ಯಾಯವಾದುದೇ. ತಪ್ಪು ಅವರ ಪಾಸಿನಲ್ಲಿ ಇರಲಿಲ್ಲ. ಪಾಸಿಗೆ ಅರ್ಥವೇನೆಂದು ಎಷ್ಟೋ ವರ್ಷ ಜೊತೆಯಾಗಿ ಆಡಿಯೂ ಒಮ್ಮೆಯೂ ಮಾತಾಡಿಕೊಳ್ಳದಿದ್ದುದರಲ್ಲಿತ್ತು.

ಎದುರಾಳಿಯು ಮೆಟ್ಟಲುಗಳನ್ನು ಕಸಿದರೂ, ತನಗರಿವಿಲ್ಲದೆ ಎರಡು ಹೊಸ ಮಾತುಗಳನ್ನು ನಮಗೆ ಕೊಡುವಳು: ಪಾಸ್ ಮತ್ತು ಡಬಲ್. ಆಕೆ ಸುಮ್ಮನಿದ್ದಿದ್ದರೆ ಇವೆರಡೂ ಜೊತೆಗಾರ್ತಿಗೆ ದೊರೆಯುತ್ತಿರಲಿಲ್ಲ. ಆದುದರಿಂದ ಹೀಗೆ ಗೊತ್ತುಮಾಡಿಕೊಳ್ಳಬಹುದು. ಡಬಲ್ ಎಂದರೆ ‘ನನ್ನಲ್ಲಿ ಮೂರು ಅಂಕಕ್ಕಿಂತ ಹೆಚ್ಚಿಲ್ಲ’. ಪಾಸ್ ಎಂದರೆ ‘ಸ್ವಲ್ಪ ಇದೆ, ನೀನು ಮುಂದುವರಿಸು’. ಪಾಸಿನ ತರುವಾಯ ಬಲಶಾಲಿಯು ಸುಮ್ಮನಿರತಕ್ಕದ್ದಲ್ಲ. ಏನಾದರೂ ಕೂಗಲೇಬೇಕು, ಇಲ್ಲವೆ ದಂಡ ವಿಧಿಸಲು ಡಬಲ್ ಮಾಡಬೇಕು. ಐದು ಎಲೆಗಳ ಒಳ್ಳೆಯ ಜಾತಿ, ಅದರಲ್ಲಿ ಎಕ್ಕ, ರಾಜ, ರಾಣಿಗಳ ಪೈಕಿ ಎರಡು, ಇದ್ದರೆ ಮಾತ್ರ ಜೊತೆಗಾರ್ತಿಯು ತಾನಾಗಿ ಆ ಜಾತಿಯನ್ನು ಕೂಗಲಿ. ಜೊತೆಗಾರ್ತಿಯ ಡಬಲ್ ದಂಡಕ್ಕಾಗಿಯೇ ಎಂದು ಇಟ್ಟುಕೊಳ್ಳುವವರೂ ಉಂಟು. ಬಲಹೀನ ಕೈ ಹೆಚ್ಚು ಸಲ ಬರುವುದರಿಂದ ನಮಗೆ ಮೊದಲಿನದೇ ಲೇಸೆಂದು ಕಾಣುತ್ತದೆ. ಆದರೆ ಇಬ್ಬರೂ ಒಂದನ್ನೇ ಹಿಡಿಯುವುದು ಅದಕ್ಕಿಂತ ಮುಖ್ಯ. ಎದುರಾಳಿಯು ಜಾತಿಯನ್ನು ಕೂಗದೆ ಎರಡು ಕಳಾವರನ್ನೇ ಡಬಲ್ ಮಾಡಿದರೆ ಒಂದು ಮೆಟ್ಟಲೂ ಕಳೆದಿಲ್ಲ. ಹಳೆಯ ಉತ್ತರಗಳೇ ಸಾಕು.

ದಂಡದ ಲೆಕ್ಕವನ್ನು ಬಾಯಿಪಾಠ ಮಾಡಿರಬೇಕು. ವಲ್ನರಬಲ್ ಎಂದರೆ ತಪ್ಪಿದಾಗ ಹೆಚ್ಚು ತೆರಬೇಕಾದ ಸ್ಥಿತಿ. ಎದುರಾಳಿಗಳು ಹಾಗಿಲ್ಲದಿದ್ದರೆ, ಡಬಲ್ ಆದ ಮೇಲೆ ಒಂದು, ಎರಡು, ಮೂರು, ನಾಲ್ಕು ಸುತ್ತು ತಪ್ಪಿದ್ದಕ್ಕೆ ಕ್ರಮವಾಗಿ 100, 300, 500, 800 ತೆರುವರು. ವಲ್ನರಬಲ್ ಆಗಿದ್ದರೆ 200, 500, 800, 1100. (ಮೊದಲಿನ ಸಾಲಿನ 800 ಎಂಬುದು 1987ರ ನಿಯಮಾವಳಿಗೆ ಮುಂಚೆ 700 ಆಗಿತ್ತು.) ನಮ್ಮ ನಾಲ್ಕು ಇಸ್ಪೇಟಿಗೆ 420, ನಾವು ವಲ್ನರಬಲ್ ಆಗಿದ್ದರೆ 620. ಹೀಗಿರಲಾಗಿ 420ನ್ನು ಬಿಟ್ಟು 300ಕ್ಕೆ ಕೈಚಾಚುವುದು ನಷ್ಟದ ವ್ಯಾಪಾರ. ಅವರು ಮೂರು ತಪ್ಪುವರೆಂದು ತೋರಿದರೆ ಮಾತ್ರ ಡಬಲ್ ಮಾಡಿ ಕುಳಿತುಕೊಳ್ಳಬಹುದು. ನಮಗೆ 620 ಖಚಿತವಿದ್ದಾಗ ಮೂರೂ ಸಾಲದು, ನಾಲ್ಕು ಬೇಕು. ಆರು ಇಸ್ಪೇಟು ನಿಜವಾಗಿ ಆಗುವಂತಿದ್ದರೆ 980 ಅಥವಾ 1430. ಆಗ ದಂಡದ ಆಸೆ ಬಿಡುವುದೇ ಸರಿ.

ಇನ್ನೊಂದು. ಎಂಟು ಗಳಿಗೆ ಯೋಚಿಸಿ ನಿಟ್ಟುಸಿರಿನೊಡನೆ ಪಾಸ್ ಎನ್ನುವುದು, ತಟ್ಟನೆ ಡಬಲ್ ಎಂದು ಕಣ್ಣರಳಿಸುವುದು, ಇವು ಕೂಗಲ್ಲ, ಕಳ್ಳಸನ್ನೆ. ಅಂಥದನ್ನು ಕಂಡು ನಡೆಯುವುದು ನಿಯಮಕ್ಕೆ ವಿರುದ್ಧ. ಮಾಡಿಕೊಂಡ ಒಪ್ಪಂದವನ್ನು ಎದುರಾಳಿಗಳಿಗೆ ಮುಚ್ಚಿಡುವುದೂ ಹಾಗೆಯೇ, ಕೇಳಿದರೆ ಹೇಳತಕ್ಕದ್ದು.

ಶಾಲೆ ಮತ್ತೆ ತೆರೆದ ವಾರ ನಾವು ಆ ಉಪಾಧ್ಯಾಯಿನಿಯವರಲ್ಲಿಗೆ ಹೋಗಿ ತಪ್ಪೊಪ್ಪಿಕೊಂಡೆವು. ಅವರು ಮಾತಾಡದೆ ಹಾಜರಿ ಪುಸ್ತಕದೊಳಗಿಂದ ಒಂದು ಚೀಟಿ ತೆಗೆದುಕೊಟ್ಟರು. ‘ಡಬಲ್: ಏನೂ ಇಲ್ಲ. ಪಾಸ್: ಸ್ವಲ್ಪ ಇದೆ’ ಎಂದು ಅದರಲ್ಲಿ ಬರೆದು, ಕೆಳಗೆ ನಮ್ಮ ರುಜುವಿಗೆ ಎಡೆ ಬಿಟ್ಟಿದ್ದರು. ರುಜು ಹಾಕಿ ಹಿಂದಿರುಗಿಸಿದೆವು.