ಒಂದು ಪಕ್ಕೆಯಲ್ಲಿ ಉರಿ, ಮೇಲೆ ಗುಳ್ಳೆ: ಮಾಡಬೇಕಾದ್ದು, ಮಾಡಬಾರದ್ದು

ಪಕ್ಕೆಲುಬುಗಳ ಸಂದಿನಲ್ಲಿ ಬೆನ್ನಿನಿಂದ ಎದೆಯವರೆಗೆ ನರಗಳು ಹಾದುಹೋಗುತ್ತವೆ. ಅವು ಕೆರಳಿದರೆ ಉರಿ, ಸೂಜಿ ಚುಚ್ಚಿದಂಥ ನೋವು. ಅಂಗಿ ತಾಗಿದರೂ ಸಹಿಸಲಾಗದು. ಪಕ್ಕೆಗೆ ಬಿದ್ದ ಪೆಟ್ಟು, ಎದೆಯ ಆಪರೇಷನ್, ಬಹುಕಾಲದ ಸಕ್ಕರೆ ಕಾಯಿಲೆ, ಬೆನ್ನುಮೂಳೆಯ ತೊಂದರೆ ಹೀಗೆ ಕಾರಣ ಹಲವು. ಐವತ್ತು ದಾಟಿದವರಲ್ಲಿ ಸರ್ಪಸುತ್ತನ್ನು ಮರೆಯಲೇಬಾರದು.

ಮಾಡಬೇಕಾದ್ದು

ಎದೆ ಬಿಗಿತ, ಬೆವರು, ಉಬ್ಬಸ ಇದ್ದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ನರದ ನೋವೆಂದು ಕೂರದೆ ತಕ್ಷಣ 108ಕ್ಕೆ ಕರೆ ಮಾಡಿ.

ಒಂದೇ ಪಕ್ಕದಲ್ಲಿ ಉರಿ ಶುರುವಾದರೆ ದಿನಾ ಅಂಗಿ ತೆಗೆದು ಬೆನ್ನು, ಪಕ್ಕೆ ನೋಡಿಸಿಕೊಳ್ಳಿ. ಸರ್ಪಸುತ್ತಿನ ನೋವು ಹಲವರಲ್ಲಿ ಗುಳ್ಳೆಗಿಂತ ಕೆಲವು ದಿನ ಮೊದಲೇ ಬರುತ್ತದೆ. ಆಮೇಲೆ ಕೆಂಪಾದ ಚರ್ಮದ ಮೇಲೆ ನೀರುಗುಳ್ಳೆ ಗೊಂಚಲಾಗಿ ಏಳುತ್ತವೆ.

ಗುಳ್ಳೆ ಕಂಡ 72 ಗಂಟೆಯೊಳಗೆ ವೈದ್ಯರ ಮುಂದೆ ಇರಿ. ಸಾಮಾನ್ಯವಾಗಿ ಕೊಡುವುದು ಅಸೈಕ್ಲೊವಿರ್ 800 ಮಿ.ಗ್ರಾಂ, ದಿನಕ್ಕೆ 5 ಸಲ, 7 ದಿನ. ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಿ, ಪ್ರಮಾಣ ಇಳಿಸಬೇಕಾಗುತ್ತದೆ. ಮೂರು ದಿನ ದಾಟಿದ್ದರೂ ಹೋಗಿ, ಹೊಸ ಗುಳ್ಳೆ ಏಳುತ್ತಿದ್ದರಂತೂ ಹೋಗಲೇಬೇಕು. ಹಣೆ, ಕಣ್ಣಿನ ಸುತ್ತ ಅಥವಾ ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿ. ದೃಷ್ಟಿಗೇ ಅಪಾಯವಿದೆ.

50 ದಾಟಿದವರು ಲಸಿಕೆ ಬಗ್ಗೆ ವೈದ್ಯರನ್ನು ಕೇಳಿ. 2ರಿಂದ 6 ತಿಂಗಳ ಅಂತರದಲ್ಲಿ ಎರಡು ಡೋಸ್. ದುಬಾರಿ ನಿಜ, ಆದರೆ ಈ ನೋವು ತಿಂದವರು ದುಡ್ಡಿನ ಲೆಕ್ಕ ಹಾಕುವುದಿಲ್ಲ.

ಮಾಡಬಾರದ್ದು

ಮಂತ್ರ ಹಾಕಿಸಿ, ಕೆಮ್ಮಣ್ಣು ಬಳಿಸಿ ದಿನ ಕಳೆಯಬೇಡಿ. ಸರ್ಪಸುತ್ತು ನಾಗದೋಷವಲ್ಲ, ಯಾರ ಶಾಪವೂ ಅಲ್ಲ. ಚಿಕ್ಕಂದಿನಲ್ಲಿ ಬಂದುಹೋದ ಸೀತಾಳೆ ಸಿಡುಬಿನ ವೈರಸ್ಸು ನರದ ಬುಡದಲ್ಲಿ ಅಡಗಿದ್ದು, ಶಕ್ತಿ ಕುಂದಿದಾಗ ಮೇಲೇಳುತ್ತದೆ, ಅಷ್ಟೇ. ಗುಳ್ಳೆಯ ಸಾಲು ಮೈ ಸುತ್ತಿ ತಲೆಗೆ ಬಾಲ ಕೂಡಿದರೆ ಸಾವೆಂದು ಹೇಳಿ ಹಿರಿಯರನ್ನು ಹೆದರಿಸಬೇಡಿ. ಅದು ಸುಳ್ಳು. ನಾಗಪ್ಪನಲ್ಲಿ ಭಕ್ತಿಯಿದ್ದರೆ ಪೂಜೆ ಮಾಡಿಸಿ, ಮೊದಲ ಮಾತ್ರೆ ನುಂಗಿಯಾದ ಮೇಲೆ.

ಗುಳ್ಳೆ ಒಡೆಯಬೇಡಿ. ಅದು ಒಣಗಿ ಹಕ್ಕಳೆಗಟ್ಟುವವರೆಗೆ ಸಡಿಲ ಬಟ್ಟೆಯಲ್ಲಿ ಮುಚ್ಚಿಡಿ. ಸೀತಾಳೆ ಸಿಡುಬು ಬಾರದ ಬಸುರಿಯರನ್ನೂ ಎಳೆಗೂಸುಗಳನ್ನೂ ಹತ್ತಿರ ಸೇರಿಸಬೇಡಿ. ಪಕ್ಕೆ ನೋವೆಂದು ಎದೆಗೆ ಪಟ್ಟಿ ಬಿಗಿಯಬೇಡಿ. ಉಸಿರು ಮೇಲುಮೇಲೆ ಆಡಿದರೆ ಕಫ ಕಟ್ಟುತ್ತದೆ.

ಗುಳ್ಳೆ ಮಾಯವಾಗಿ ತಿಂಗಳುಗಳಾದರೂ ಉರಿ ಉಳಿದರೆ "ಎಲ್ಲ ವಾಸಿಯಾಯ್ತಲ್ಲ, ಇನ್ನೇನು ನೋವು" ಎಂದು ಅಜ್ಜಿಯನ್ನು ಗದರಬೇಡಿ. ವಾಸಿಯಾದದ್ದು ಚರ್ಮ, ನರವಲ್ಲ. ಮಾಮೂಲಿ ನೋವಿನ ಮಾತ್ರೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ನಂಥವು, ಲಿಡೊಕೇನ್ ಪಟ್ಟಿ, ಬೇಕಾದರೆ ನರಕ್ಕೆ ಇಂಜೆಕ್ಷನ್ ಇವೆ. ಮಾತ್ರೆಗಳಿಂದ ತೂಕಡಿಕೆ, ತಲೆಸುತ್ತು ಬರುತ್ತದೆ: ಗಾಡಿ ಓಡಿಸಬೇಡಿ, ರಾತ್ರಿ ಬಚ್ಚಲಿಗೆ ಎದ್ದಾಗ ಮನೆಯವರು ಜೊತೆಗಿರಲಿ. ನೋವು ಇಳಿಯಿತೆಂದು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಿ.